ಹೊಗೆಯಣ್ಣ ಸಿಗರೇಟು ಬಿಟ್ಟ ಆರು ತಿಂಗಳು

ಅದು ಬುಧವಾರ. ಹೇಳಿಕೊಳ್ಳುವಂಥದ್ದೇನೂ ಆ ದಿನ ನಡೆಯಲಿಲ್ಲ. ಹೊಗೆಯಣ್ಣ ಎದ್ದ, ಹಲ್ಲುಜ್ಜಿದ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಹೆಂಡತಿ ನಾಲ್ಕನೇ ಸಲ ಹೇಳಿದಳು. "ಭಾನುವಾರ ನೋಡ್ತೀನಿ" ಎಂದು ಅವನೂ ನಾಲ್ಕನೇ ಸಲ ಹೇಳಿದ.

"ಊರವರ ಸೋರಿಕೆ ಎಲ್ಲಾ ಹಿಡೀತೀರಿ. ಮನೆ ನಲ್ಲಿ ಮಾತ್ರ ನಿಮ್ಮ ಕಣ್ಣಿಗೆ ಬೀಳಲ್ಲ."

"ಅದು ಕಾಣುತ್ತಲ್ಲೇ. ಕಾಣೋದನ್ನ ಯಾರು ಬೇಕಾದ್ರೂ ಹಿಡೀತಾರೆ. ನನ್ನ ಕಸುಬು ಕಾಣದೇ ಇರೋದು."

ಕಾಲೇಜಿಗೆ ಹೊರಟಿದ್ದ ಮಗಳ ಬ್ಯಾಗಿನ ಜಿಪ್ಪು ಸಿಕ್ಕಿಹಾಕಿಕೊಂಡಿತ್ತು. ಅದಕ್ಕೆ ಮೇಣ ಸವರಿ ಎಳೆದುಕೊಟ್ಟ. ಮೇಲ್ತುಟಿಯನ್ನು ಎಂದಿನಂತೆ ಎರಡು ಸಲ ಬೋಳಿಸಿದ. ಅಂಗಡಿಗೆ ಹೋದ. ಮಧ್ಯಾಹ್ನ ಊಟಕ್ಕೆ ಬಂದು ಉಪ್ಪು ಕಡಿಮೆ ಎಂದ. ಸಂಜೆ ಬಂದು ಟಿವಿ ಮುಂದೆ ಬಾಯಿ ತೆರೆದುಕೊಂಡು ನಿದ್ದೆ ಹೋದ. ಅಷ್ಟೇ.

ಗುರುವಾರ ಹನ್ನೊಂದು ಗಂಟೆಗೆ ಪಕ್ಕದ ಅಂಗಡಿಯ ಕೀಲಿಕೈಯವನು ಬರಿಗಾಲಲ್ಲಿ ಮನೆಗೆ ಓಡಿ ಬಂದ. ಹೊಗೆಯಣ್ಣ ಕೂತಲ್ಲೇ ಹಾರ್ಮೋನಿಯಂ ಮೇಲೆ ಕೆನ್ನೆ ಇಟ್ಟು ಹೋಗಿಬಿಟ್ಟಿದ್ದ. ಕೀಲಿಕೈಯವನು ಅರ್ಧ ಗಂಟೆ ಅವನನ್ನು ಮಾತಾಡಿಸಿರಲಿಲ್ಲ, ಕೆಲಸದಲ್ಲಿದ್ದಾನೆ ಅಂದುಕೊಂಡಿದ್ದ. ಕೆಲಸ ಮಾಡುವಾಗ ಅವನು ಕೂರುತ್ತಿದ್ದದ್ದೇ ಹಾಗೆ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಐವತ್ತನಾಲ್ಕು.

ಅವನು ಎಂಥವನು ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಹೇಳುವುದು ಒಂದೇ ವಿಷಯ. ಅದು ಹದಿನೆಂಟು ವರ್ಷದ ಹಿಂದಿನ ಆರು ತಿಂಗಳಿನದು.

ಅವನ ಕಸುಬು ವಾದ್ಯ ರಿಪೇರಿ. ಎಲ್ಲಾ ವಾದ್ಯವೂ ಅಲ್ಲ, ಗಾಳಿ ತುಂಬಿಕೊಂಡು ನುಡಿಯುವಂಥವು ಮಾತ್ರ. ಹಾರ್ಮೋನಿಯಂ, ಅಕಾರ್ಡಿಯನ್. ಅವಕ್ಕೆ ಗಾಳಿ ಕೊಡುವ ಚರ್ಮದ ಮಡಿಕೆಗೆ ತಿದಿ ಎನ್ನುತ್ತಾರೆ. ಮನುಷ್ಯನಿಗೆ ಶ್ವಾಸಕೋಶ ಇದ್ದ ಹಾಗೆ. ಅದರಲ್ಲಿ ಸೂಜಿಮೊನೆಯಷ್ಟು ತೂತಾದರೂ ಸ್ವರ ಕುಂಟುತ್ತದೆ. ಆ ತೂತು ಎಲ್ಲಿದೆ ಎಂದು ಹಿಡಿಯುವುದರಲ್ಲೇ ಮುಕ್ಕಾಲು ಕೆಲಸ.

ಅವನು ಹಿಡಿಯುತ್ತಿದ್ದದ್ದು ಸಿಗರೇಟಿನಿಂದ. ಬಾಯಿ ತುಂಬ ಹೊಗೆ ಎಳೆದುಕೊಂಡು, ರಬ್ಬರ್ ಕೊಳವೆಯಿಂದ ತಿದಿಯೊಳಕ್ಕೆ ಊದಿ, ಮೆಲ್ಲಗೆ ಒತ್ತುತ್ತಿದ್ದ. ಎಲ್ಲಿ ತೂತೋ ಅಲ್ಲಿಂದ ಹೊಗೆ ದಾರದಂತೆ ಮೇಲೇಳುತ್ತಿತ್ತು. ಅಲ್ಲಿಗೆ ಸೀಮೆಸುಣ್ಣದ ಗುರುತು. ಕಸುಬು ಕಲಿಸಿದ ಗುರುವೇ ಹದಿನೈದನೇ ವಯಸ್ಸಿಗೆ ಸಿಗರೇಟನ್ನೂ ಕಲಿಸಿದ್ದ. ಉಳಿ, ಅಂಟು, ಕತ್ತರಿ, ಸಿಗರೇಟು, ಎಲ್ಲಾ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು. ತಿದಿಗೆ ಒಂದು ದಮ್ಮು ಊದಿದರೆ ತನಗೆ ಮೂರು. ಬೀದಿಯ ಮಕ್ಕಳು ಹೊಗೆಯಣ್ಣ ಎಂದು ಹೆಸರಿಟ್ಟವು. ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಸಿಗರೇಟು ಹೋದ ಮೇಲೂ ಆ ಹೆಸರು ಹೋಗಲಿಲ್ಲ.

ಮದುವೆಯಾಗಿ ಎಂಟು ವರ್ಷಕ್ಕೆ ಹೆಂಡತಿ ಬಸುರಿಯಾದಳು. ಎಲ್ಲರೂ ಆಸೆ ಬಿಟ್ಟಿದ್ದ ಹೊತ್ತು. ಮೂರನೇ ತಿಂಗಳಿಗೆ ಅವನ ಅಂಗಿಯ ವಾಸನೆಗೇ ಅವಳಿಗೆ ವಾಂತಿ ಬರತೊಡಗಿತು. ಇಬ್ಬರೂ ಆಸ್ಪತ್ರೆಗೆ ಹೋದರು. ಅಲ್ಲಿದ್ದ ನರ್ಸು ದಪ್ಪ ಕನ್ನಡಕದ ಹೆಂಗಸು, ಮಾತು ಕತ್ತರಿ.

"ಮನೇಲಿ ಹೊಗೆ ಕೂಡದು. ಹೊರಗೆ ಸೇದಿ ಬಂದು ಮಗು ಎತ್ಕೊಳ್ಳೋದೂ ಕೂಡದು. ಬಟ್ಟೆಗೆ ಹತ್ತಿದ್ದೂ ಹೊಗೇನೇ."

"ಮಗು ಬರೋದಕ್ಕೆ ಇನ್ನೂ ಎಷ್ಟು ದಿನ ಇದೆ ಸಿಸ್ಟರ್?"

"ಆರು ತಿಂಗಳು."

"ಅಷ್ಟರಲ್ಲಿ ಬಿಡ್ತೀನಿ."

ನರ್ಸು ಚೀಟಿ ಬರೆಯುತ್ತಲೇ ನಕ್ಕಳು. "ನಿಮ್ಮಂಥ ಅಪ್ಪಂದಿರನ್ನ ಬೇಕಾದಷ್ಟು ನೋಡಿದ್ದೀನಿ. ಹೋಗಿ, ಬಿಡಿ, ನೋಡೋಣ."

ಹೆಂಡತಿಗೂ ನಂಬಿಕೆ ಇರಲಿಲ್ಲ. ಅವನಿಗೆ ಸಿಗರೇಟು ಬರೀ ಚಟವಾಗಿದ್ದರೆ ಆ ಮಾತು ಬೇರೆ. ಅದು ಅನ್ನ ಕೊಡುವ ಸಲಕರಣೆ. ಬಿಟ್ಟರೆ ಸೋರಿಕೆ ಹಿಡಿಯುವುದು ಹೇಗೆ? ಸೋರಿಕೆ ಹಿಡಿಯದಿದ್ದರೆ ಅಂಗಡಿಗೆ ಬರುವವರು ಯಾರು? ಬಿಡದಿದ್ದರೆ ಮಗುವನ್ನು ಎತ್ತಿಕೊಳ್ಳುವುದು ಹೇಗೆ? ಅವಳು ಯೋಚಿಸಿ ಯೋಚಿಸಿ ತಲೆ ಕೆಡಿಸಿಕೊಂಡಳು. ಅವನು ಯೋಚಿಸಲಿಲ್ಲ. ಆಸ್ಪತ್ರೆಯ ಗೇಟು ದಾಟುವಾಗ ಜೇಬಿನಲ್ಲಿದ್ದ ಪ್ಯಾಕೆಟ್ಟನ್ನು ಕಸದ ಡಬ್ಬಿಗೆ ಹಾಕಿದ. ಹತ್ತು ಹೆಜ್ಜೆ ಹೋಗಿ ನಿಂತ. ವಾಪಸ್ಸು ಹೋಗಿ ತೆಗೆದುಕೊಂಡು ಬರುತ್ತಾನೆ ಅಂದುಕೊಂಡಳು. ಅವನು ಹೋಗಿದ್ದು ನಿಜ, ಬೆಂಕಿಪೊಟ್ಟಣವನ್ನೂ ಹಾಕಿ ಬಂದ.

ಮೊದಲ ಹತ್ತು ದಿನ ಮನೆಯಲ್ಲಿ ಕರಡಿ ಕಟ್ಟಿಹಾಕಿದಂತಿತ್ತು. ಬೆವರುತ್ತಿದ್ದ. ಕುರ್ಚಿ ಎಳೆದರೆ ಸಿಡುಕು, ಬಾಗಿಲು ಹಾಕಿದರೆ ಸಿಡುಕು. ಬಾಯಿಗೆ ಏನಾದರೂ ಬೇಕೆಂದು ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಕಚ್ಚುತ್ತಿದ್ದ. ಹಗ್ಗದ ಮೇಲಿನ ಕ್ಲಿಪ್ಪುಗಳಿಗೆಲ್ಲ ಹಲ್ಲಿನ ಗುರುತು.

"ಇಲಿ ಸೇರ್ಕೊಂಡಿದೆ ಅನ್ಸುತ್ತೆ ಮನೇಲಿ" ಎಂದಳು ಹೆಂಡತಿ.

"ಇಲಿನ ಸುಮ್ನೆ ಬಿಟ್ಟರೆ ನಿನಗೇ ಒಳ್ಳೇದು" ಎಂದ ಅವನು.

ಹೊಗೆ ಇಲ್ಲದೆ ಅಂದಾಜಿನ ಮೇಲೆ ಕೆಲಸ ಮಾಡಿದ. ಅನುಮಾನ ಬಂದ ಕಡೆಯೆಲ್ಲ ಚರ್ಮದ ತುಂಡು ಅಂಟಿಸಿದ. ಹದಿನೈದು ದಿನಕ್ಕೆ ಶಾಲೆಯ ಸಂಗೀತದ ಮೇಷ್ಟ್ರು ತಮ್ಮ ಹಾರ್ಮೋನಿಯಂ ಹೊತ್ತು ತಂದು ಕಟ್ಟೆಯ ಮೇಲಿಟ್ಟರು. ಬಲು ಸಾಧು ಮನುಷ್ಯ.

"ಬೇಜಾರು ಮಾಡ್ಕೋಬೇಡ ಹೊಗೆಯಣ್ಣ. ಇದು ಇನ್ನೂ ನಿಟ್ಟುಸಿರು ಬಿಡ್ತಾ ಇದೆ. ಮಕ್ಕಳು ಹಾಡೋಕೆ ಮುಂಚೆ ಇದೇ ಸುಸ್ತಾಗುತ್ತೆ."

ಇಪ್ಪತ್ತು ವರ್ಷದಲ್ಲಿ ಅವನು ಸರಿಮಾಡಿದ ಒಂದು ಹಾರ್ಮೋನಿಯಂ ಪೆಟ್ಟಿಗೆಯೂ ವಾಪಸ್ಸು ಬಂದಿರಲಿಲ್ಲ. ಆ ದಿನ ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ಹೆಂಡತಿಯೇ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದಳು. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಹೊಗೆಯೋ ಹೊಗೆ. ತಳ್ಳಿ ನೋಡಿದರೆ ಕೀಲಿಕೈಯವನು ಕಪ್ಪೆಯ ಹಾಗೆ ಕೆನ್ನೆ ಉಬ್ಬಿಸಿಕೊಂಡು ರಬ್ಬರ್ ಕೊಳವೆ ಕಚ್ಚಿ ಕೂತಿದ್ದ. ಕೈಯಲ್ಲಿ ಉರಿಯುವ ಸಿಗರೇಟು. ಹೊಗೆಯಣ್ಣ ತಿದಿಯ ಮೇಲೆ ಬಗ್ಗಿದ್ದ. ಸೋರುವ ಹೊಗೆಯ ಹಿಂದೆ ಅವನ ಮೂಗು ಬೆಕ್ಕಿನಂತೆ ಹೋಗುತ್ತಿತ್ತು.

"ಏನ್ರೀ ಇದು?"

"ನಾನು ಸೇದ್ತಾ ಇಲ್ಲ. ಅವನು ಸೇದ್ತಾ ಇದ್ದಾನೆ."

ಕೀಲಿಕೈಯವನ ಮುಖ ಬಿಳಿಚಿತ್ತು. "ಅತ್ತಿಗೆ, ಇದು ಐದನೇದು. ಅಂಗಡಿ ತಿರುಗ್ತಾ ಇದೆ. ನಾನು ಜನ್ಮದಲ್ಲಿ ಸೇದಿದವನಲ್ಲ. ಒಂದೇ ಒಂದು ಅಂತ ಕರ್ದ, ಈ ಪುಣ್ಯಾತ್ಮ!"

"ನೀನು ಸರಿಯಾಗಿ ಊದಿದ್ರೆ ಒಂದರಲ್ಲೇ ಮುಗೀತಿತ್ತು" ಎಂದ ಹೊಗೆಯಣ್ಣ.

ಕೀಲಿಕೈಯವನು ಎದ್ದು ಮೋರಿಯ ಹತ್ತಿರ ಹೋಗಿ ಕಕ್ಕಿದ. ಹೆಂಡತಿಗೆ ನಗುವೂ ಬಂತು, ಅಳುವೂ ಬಂತು. ಡಬ್ಬಿ ಇಟ್ಟು ಒಂದೇ ಮಾತು ಹೇಳಿದಳು. "ಒಳಗಿರೋ ಮಗುಗೆ ಯಾರ ಹೊಗೆ ಅಂತ ಗೊತ್ತಾಗುತ್ತೇನ್ರೀ?"

ಮಾರನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಯಾರೋ ಗಂಡಸು ಹೊರಗೆ ಬಂದ. ಅವಳು ಕೂಗಿಯೇಬಿಟ್ಟಳು. ಮೀಸೆ ಇರಲಿಲ್ಲ. ಮದುವೆಗೆ ಮುಂಚೆಯಿಂದ ಇದ್ದ ಮೀಸೆ, ಅವನ ಮುಖದಲ್ಲಿ ಚೆಂದ ಅನ್ನಿಸಿಕೊಳ್ಳುವಂಥದ್ದು ಅದೊಂದೇ.

"ಅಡ್ಡ ಬರ್ತಿತ್ತು" ಎಂದ.

"ಯಾವುದಕ್ಕೆ?"

"ಗಾಳಿಗೆ."

ಅವತ್ತಿನಿಂದ ಹೊಸ ಪಾಠ. ಅಂಗಡಿಯ ಫ್ಯಾನು ನಿಲ್ಲಿಸುವುದು. ಬಾಗಿಲು ಎಳೆಯುವುದು. ಮೇಲ್ತುಟಿಯನ್ನು ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ತಿದಿಯನ್ನು ಮೆಲ್ಲಗೆ ಒತ್ತುತ್ತ, ಮಡಿಕೆಯ ಅಂಚಿನ ಉದ್ದಕ್ಕೂ ತುಟಿ ಸರಿಸುವುದು. ಸೋರುವ ಗಾಳಿ ತಾಗಿದರೆ ಒದ್ದೆ ಚರ್ಮ ತಣ್ಣಗಾಗಬೇಕು. ಲೆಕ್ಕ ಸರಿಯಾಗಿತ್ತು. ಆದರೆ ತುಟಿಗೆ ಏನೂ ತಿಳಿಯಲಿಲ್ಲ. ಇಲ್ಲದ ಕಡೆ ಇದೆ ಎನ್ನುತ್ತಿತ್ತು, ಇದ್ದ ಕಡೆ ಸುಮ್ಮನಿರುತ್ತಿತ್ತು.

"ಇಪ್ಪತ್ತು ವರ್ಷ ಹೊಗೆ ಕುಡಿಸಿ ಮಲಗಿಸಿಬಿಟ್ಟಿದ್ದೀನಿ ಇದನ್ನ. ಏಳೋಕೆ ಟೈಮು ಬೇಕು" ಎನ್ನುತ್ತಿದ್ದ. ದಾರಿಯಲ್ಲಿ ಹೋಗುವವರು ಇಣುಕಿ ನೋಡಿ, "ಹೊಗೆಯಣ್ಣ ಪೆಟ್ಟಿಗೆಗೆ ಮುತ್ತು ಕೊಡ್ತಾನೆ, ಮನೇಲಿ ಜಗಳ ಅಂತ ಕಾಣುತ್ತೆ" ಎಂದು ನಗುತ್ತಿದ್ದರು. ಅವನು ಕಣ್ಣು ತೆರೆಯುತ್ತಿರಲಿಲ್ಲ. ಬಂದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಸ್ವಲ್ಪ ದಿನ ತಡೀರಿ ಎನ್ನುತ್ತಿದ್ದ. ಒಬ್ಬಿಬ್ಬರು ತಡೆಯದೆ ಹೊತ್ತುಕೊಂಡು ಹೋದರು.

ಅವಳಿಗೆ ಆರನೇ ತಿಂಗಳು. ಒಂದು ದಿನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಮೇಷ್ಟ್ರ ಅದೇ ಹಾರ್ಮೋನಿಯಂ. ಅವನ ತುಟಿ ಮಡಿಕೆಯ ಮೇಲೆ ಬೆರಳಗಲ ಬೆರಳಗಲ ಸರಿಯುತ್ತಿತ್ತು. ಹೊರಗಿನ ಗಾಡಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಸರಿಯುತ್ತ ಸರಿಯುತ್ತ ತುಟಿ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಅಲ್ಲೇ ನಿಂತಿತು. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಸೀಮೆಸುಣ್ಣ ತೆಗೆದುಕೊಂಡು ಚುಕ್ಕಿ ಇಟ್ಟ.

"ಇಲ್ಲಿ."

ಅವಳು ಬಗ್ಗಿ ನೋಡಿದಳು. ಏನೂ ಕಾಣಲಿಲ್ಲ. ತನ್ನ ತುಟಿಯನ್ನೂ ಒದ್ದೆ ಮಾಡಿಕೊಂಡು ಹತ್ತಿರ ಹಿಡಿದಳು. ಏನೂ ತಾಗಲಿಲ್ಲ. ಅವನು ಆ ಚರ್ಮ ಬಿಡಿಸಿ ಬಲ್ಬಿಗೆ ಅಡ್ಡ ಹಿಡಿದ. ಚುಕ್ಕಿಯ ನಟ್ಟನಡುವೆ ಬೆಳಕಿನ ಒಂದು ಕಣ. ಹಗಲಲ್ಲಿ ನಕ್ಷತ್ರ ನೋಡಿದ ಹಾಗೆ. ಅವಳ ಮೈ ಜುಂ ಎಂದಿತು. ಎಂಟು ವರ್ಷ ಜೊತೆಗೆ ಉಂಡು ಮಲಗಿದ ಮನುಷ್ಯ. ಉಪ್ಪು ಕಡಿಮೆ, ಖಾರ ಜಾಸ್ತಿ ಎನ್ನುವವನು. ಇವನೊಳಗೆ ಇಂಥದ್ದು ಇತ್ತೇ? ಅಥವಾ ಇಲ್ಲದ್ದನ್ನು ಹಟ ಹಿಡಿದು ತರಿಸಿಕೊಂಡನೇ? ಅವಳಿಗೆ ಇವತ್ತಿಗೂ ಗೊತ್ತಿಲ್ಲ. ದೇವರ ಮುಂದೆ ನಿಂತಾಗಲೂ ಅವಳ ಮೈ ಹಾಗೆ ಜುಂ ಎಂದದ್ದಿಲ್ಲ.

ಅವನು ಮಾತ್ರ ಮೂಗು ಒರೆಸಿಕೊಂಡು, "ಅಂಟು ಎಲ್ಲಿಟ್ಟೆ?" ಎಂದ.

ಅಲ್ಲಿಗೆ ಎಲ್ಲಾ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎಂಟನೇ ತಿಂಗಳಲ್ಲಿ ಒಂದು ಸಂಜೆ ಅವನು ಮನೆಗೆ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ. ಮುಖ ಹೆಣದಂತಿತ್ತು.

"ಎರಡು ದಮ್ಮು ಎಳ್ದೆ ಕಣೇ" ಎಂದ. "ಬೆಳಿಗ್ಗೆ. ಗಲ್ಲಿ ಹಿಂದೆ."

ಅವಳು ಕೇಳಿರಲಿಲ್ಲ. ಅವಳಿಗೆ ವಾಸನೆಯೂ ಬಂದಿರಲಿಲ್ಲ. ತಾನೇ ಹೇಳಿದ.

"ಆಮೇಲೆ ಇಡೀ ದಿನ ತುಟಿ ಕಲ್ಲಾಗಿಬಿಡ್ತು. ಒಂದೂ ಸಿಗಲಿಲ್ಲ. ಹೋಯ್ತು ಅಂದ್ಕೊಂಡೆ. ಇನ್ನು ಬರೋದೇ ಇಲ್ಲ ಅಂದ್ಕೊಂಡೆ."

ತುಟಿಗೆ ಏನೂ ಆಗಿರಲಿಲ್ಲವೇನೋ. ಹೆದರಿಕೆಗೇ ಹಾಗಾಗಿರಬಹುದು. ಅವಳು ಆ ಮಾತು ಆಡಲಿಲ್ಲ. ಬಿಸಿನೀರು ಕಾಯಿಸಿ ಕೊಟ್ಟಳು. "ಮೊದಲು ಸ್ನಾನ ಮಾಡಿ. ಅಂಗಿ ಹೊರಗೇ ಬಿಡಿ" ಎಂದಳು. ಎರಡು ದಿನ ಕಳೆದ ಮೇಲೆ ತುಟಿ ಮತ್ತೆ ಎದ್ದಿತು. ಅವನು ಅಂಗಡಿಯಿಂದ ಮನೆಯವರೆಗೆ ಓಡಿಬಂದು ಹೇಳಿದ. ಆ ಎರಡು ದಮ್ಮೇ ಕೊನೆ.

ಹೆಣ್ಣು ಮಗು ಹುಟ್ಟಿತು. ಅದೇ ದಪ್ಪ ಕನ್ನಡಕದ ನರ್ಸು ಬಟ್ಟೆಯಲ್ಲಿ ಸುತ್ತಿ ತಂದಳು. ಕೊಡಲಿಲ್ಲ. ಮೊದಲು ಬಗ್ಗಿ ಅವನ ಅಂಗಿಯ ಕಾಲರು ಮೂಸಿದಳು. ಆಮೇಲೆ ಬೆರಳು ಮೂಸಿದಳು. ಅವನು ಶಾಲೆಯ ಹುಡುಗನಂತೆ ಎರಡೂ ಕೈ ಚಾಚಿಕೊಂಡು ನಿಂತಿದ್ದ. ನರ್ಸು ಕನ್ನಡಕ ತೆಗೆದು ಅವನ ಮುಖವನ್ನೇ ನೋಡಿದಳು. ಮಗುವನ್ನು ಅವನ ಕೈಗಿಟ್ಟಳು.

ಅವನು ಮಗುವಿನ ಮುಖ ನೋಡಲಿಲ್ಲ. ಕಣ್ಣು ಮುಚ್ಚಿ, ಮೇಲ್ತುಟಿಯನ್ನು ಅದರ ಮೂಗಿನ ಹತ್ತಿರ ತಂದು ನಿಂತ. ತುಂಬ ಹೊತ್ತು ನಿಂತ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಬರ್ತಿದೆ" ಎಂದ. "ಎರಡೂ ಕಡೆಯಿಂದ ಬರ್ತಿದೆ. ಎಡಗಡೆ ಒಂದು ಚೂರು ಕಮ್ಮಿ."

"ಎಲ್ಲಾ ಮಕ್ಕಳಿಗೂ ಅಷ್ಟೇ ಕಣ್ರೀ" ಎಂದಳು ನರ್ಸು. ಆದರೂ ಮಗುವನ್ನು ತೆಗೆದುಕೊಂಡು ನೋಡಿದಳು. ಎಡಗಡೆ ಮೂಗಿನಲ್ಲಿ ಸ್ವಲ್ಪ ಕಟ್ಟಿತ್ತು. ತೆಗೆದಳು. "ನೀವು ಯಾವ ಆಸ್ಪತ್ರೇಲಿ ಕೆಲಸ ಮಾಡೋದು?" ಎಂದು ಕೇಳಿದಳು.

"ಹಾರ್ಮೋನಿಯಂ ಆಸ್ಪತ್ರೆ" ಎಂದಳು ಮಂಚದ ಮೇಲಿನ ಹೆಂಡತಿ.

ಆ ಮಗಳಿಗೆ ನೆಗಡಿ ಆಗುವುದು ಅವನಿಗೆ ಒಂದು ದಿನ ಮುಂಚೆ ತಿಳಿಯುತ್ತಿತ್ತು. ಶಾಲೆಗೆ ಹೊರಟ ಮಗುವನ್ನು ನಿಲ್ಲಿಸಿ, ಬಗ್ಗಿ, ತುಟಿ ಹತ್ತಿರ ತಂದು, "ಇವತ್ತು ಐಸ್ ಕ್ರೀಂ ಬೇಡ" ಎನ್ನುತ್ತಿದ್ದ. ದೊಡ್ಡವಳಾದ ಮೇಲೆ ಅವಳು, "ಅಪ್ಪಾ, ಬೀದಿಲಿ ಬೇಡ, ಎಲ್ರೂ ನೋಡ್ತಾರೆ" ಎಂದು ಬೈದು ದೂರ ಸರಿಯುತ್ತಿದ್ದಳು. ದೂರದೂರಿನಿಂದಲೂ ಜನ ಪೆಟ್ಟಿಗೆ ತರತೊಡಗಿದರು. ಹೊಗೆಗೂ ಕಾಣಿಸದ ತೂತು ಇವನಿಗೆ ಸಿಗುತ್ತದೆ ಎಂದು ಹೆಸರಾಯಿತು. ಹಳೆಯ ಗುರು ಒಮ್ಮೆ ಬಂದು ಕೂತು ಮೂರು ಗಂಟೆ ನೋಡಿದ. ಹೋಗುವಾಗ ಶಿಷ್ಯನ ಗಲ್ಲ ಹಿಡಿದು ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

ಅವನು ಹೋದ ಮೂರನೇ ದಿನ ಮಾತಾಡಿಸಲು ಬಂದ ಹೆಂಗಸೊಬ್ಬಳು ಹೇಳಿದಳು. "ಅಷ್ಟು ಕಷ್ಟಪಟ್ಟು ಸಿಗರೇಟು ಬಿಟ್ರು. ಬಿಟ್ಟೂ ಏನು ಸಿಕ್ತಮ್ಮಾ? ಐವತ್ತನಾಲ್ಕಕ್ಕೇ ಹೋದ್ರು."

"ಮಗಳು ಸಿಕ್ಕಳು" ಎಂದಳು ಹೆಂಡತಿ. "ಹದಿನೆಂಟು ವರ್ಷ ದಿನಾ ಎತ್ಕೊಂಡ್ರು, ಮೂಸಿದ್ರು, ಬೈಸ್ಕೊಂಡ್ರು. ಇನ್ನೇನು ಸಿಗಬೇಕಿತ್ತು?"

ಬಂದವಳು ಚಪ್ಪಲಿ ಹಾಕಿಕೊಂಡು ಹೋದಳು.

ಅಂಗಡಿಯಲ್ಲಿದ್ದ ಪೆಟ್ಟಿಗೆಗಳನ್ನು ಒಬ್ಬೊಬ್ಬರೇ ಬಂದು ತೆಗೆದುಕೊಂಡು ಹೋದರು. ನಾಲ್ಕು ಉಳಿದಿವೆ. ಅವುಗಳ ಮಾಲೀಕರು ಯಾರೋ, ಎಲ್ಲಿಯವರೋ. ತಿದಿಯನ್ನು ಆಡಿಸದೆ ಬಿಟ್ಟರೆ ಚರ್ಮ ಬಿರುಸಾಗಿ ಮಡಿಕೆಯಲ್ಲೇ ಸೀಳುತ್ತದೆ. ಅದನ್ನು ಸರಿಮಾಡುವವರು ಈಗ ಈ ಊರಲ್ಲಿಲ್ಲ. ಬೆಳಿಗ್ಗೆ ಆರೂವರೆಗೆ, ಮಗಳು ಏಳುವ ಮುಂಚೆ, ಹೆಂಡತಿ ಹೋಗಿ ಶಟರ್ ಎತ್ತುತ್ತಾಳೆ. ಕೀಲಿಕೈಯವನು ಎಣ್ಣೆ ಹಾಕಿಕೊಟ್ಟಿದ್ದಾನೆ, ಸಲೀಸಾಗಿ ಏಳುತ್ತದೆ. ಬಟ್ಟೆಯಿಂದ ಧೂಳು ಒರೆಸುತ್ತಾಳೆ. ನೆಲದ ಮೇಲೆ ಕೂತು ಒಂದೊಂದನ್ನೇ ಮುಂದಕ್ಕೆ ಎಳೆದುಕೊಂಡು, ಮೂವತ್ತು ಸಲ ತೆರೆದು ಮುಚ್ಚುತ್ತಾಳೆ. ಸ್ವರದ ಮನೆಗಳನ್ನು ಒತ್ತುವುದಿಲ್ಲ, ಅವಳಿಗೆ ನುಡಿಸಲು ಬರುವುದಿಲ್ಲ. ಗಾಳಿ ಒಳಗೆ ಹೋಗಿ ಹೊರಗೆ ಬರುತ್ತದೆ. ಕಪ್ಪು ಬಣ್ಣದ್ದು ಸ್ವಲ್ಪ ಬಿಗಿ. ಅದಕ್ಕೆ ನಲವತ್ತು.