ಮಾವಿನ ಮೇಳಕ್ಕೆ ಜನ ಕರೆಯುವ ಹಜೀರಾ

ಬೆಳಗಿನ ಆರು ಗಂಟೆ. ಕೋಲಾರದ ಮಾವು ಮೇಳದಲ್ಲಿ ಮಳಿಗೆಗಳ ಪರದೆ ಇನ್ನೂ ಸರಿದಿಲ್ಲ. ಹಜೀರಾ ಮಾತ್ರ ಒಂದು ಮಳಿಗೆಯ ಮುಂದೆ ಮಂಡಿಯೂರಿ, ಬಾದಾಮಿ ಹಣ್ಣುಗಳತ್ತ ಫೋನು ಹಿಡಿದು ಕೂತಿದ್ದಾರೆ. ಬಿಸಿಲೇರಿದರೆ ವಿಡಿಯೊದಲ್ಲಿ ಹಣ್ಣು ಬಿಳಿಚಿಕೊಳ್ಳುತ್ತದಂತೆ. ಊರವರು ತಿಂಡಿ ಮುಗಿಸುವುದರೊಳಗೆ ಆ ವಿಡಿಯೊ ಇನ್‌ಸ್ಟಾಗ್ರಾಮ್‌ನಲ್ಲಿ ಓಡಾಡುತ್ತಿರಬೇಕು.

ಮೂವತ್ತಾರರ ಹಜೀರಾ ಶ್ರೀನಿವಾಸಪುರದವರು, ಟೈಲರ್. ತಾವು ಹೊಲಿದ ಬಟ್ಟೆಗಳನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಿದ್ದುದನ್ನು ನೋಡಿ ಬೆಳೆಗಾರರು ಕರೆದರು. ಈಗ ಮಾವು ಮೇಳ, ರೇಷ್ಮೆ ಮೇಳ, ಮುಳಬಾಗಿಲಿನ ತರಕಾರಿ ಪ್ರದರ್ಶನ ಎಲ್ಲಕ್ಕೂ ಇವರೇ ಬೇಕು. ಮೇಳಕ್ಕೆ ವಾರ ಮೊದಲೇ ಮಳಿಗೆ ಎಲ್ಲಿದೆ ಎಂದು ತೋರಿಸುತ್ತಾರೆ, ಮೇಳ ನಡೆಯುವಾಗ ಲೈವ್ ಬರುತ್ತಾರೆ, ಮುಗಿದ ಮೇಲೂ ವಿಚಾರಿಸಿದವರಿಗೆಲ್ಲ ಉತ್ತರ ಬರೆಯುತ್ತಾರೆ. ದೀಪ ಹಚ್ಚಿ ಹೋದವರ ಫೋಟೊ ಪತ್ರಿಕೆಯಲ್ಲಿ ತಪ್ಪದೆ ಬರುತ್ತದೆ. ಜನರನ್ನು ಕರೆತಂದ ಈಕೆಯ ಹೆಸರು ಯಾರಿಗೆ ಬೇಕು?

ಹೆಸರು ಬಂದದ್ದು ಹೋದ ವರ್ಷ, ಅದೂ ಕೆಟ್ಟದ್ದಕ್ಕೆ. ಈ ಕಡೆ ತೋಟಗಳನ್ನು ಹೂವಿದ್ದಾಗಲೇ ಗುತ್ತಿಗೆಗೆ ಕೊಟ್ಟುಬಿಡುತ್ತಾರೆ; ಆಮೇಲೆ ಫಸಲೆಲ್ಲ ಗುತ್ತಿಗೆದಾರನದು. ಮನೆಯವರು ತಿನ್ನಲೆಂದು ಒಂದು ಮರ ಬಿಟ್ಟುಕೊಳ್ಳುತ್ತಾರೆ. ಬೆಳೆಗಾರನೊಬ್ಬ ಆ ಮನೆಮರದ ಹಣ್ಣನ್ನೇ ಮೇಳಕ್ಕೆ ತಂದು ಜೋಡಿಸಿದ್ದ. ಹಜೀರಾ ಅದನ್ನು ತೋರಿಸಿ, ತೋಟದ ತುಂಬ ಇದೆ, ಎಷ್ಟು ಬೇಕಾದರೂ ಬನ್ನಿ ಎಂದುಬಿಟ್ಟರು. ಮಾಲೂರು, ಬೆಂಗಳೂರಿನಿಂದೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ಹಣ್ಣು ಖಾಲಿ. ಬೈದವರು ಬೆಳೆಗಾರನನ್ನು ಬೈಯಲಿಲ್ಲ.

"ಗುತ್ತಿಗೆ ವಿಷ್ಯ ನಂಗೊತ್ತಿಲ್ದೆ ಏನಿಲ್ಲ ಸಾರ್. ಹಣ್ಣು ನೋಡಿ ಮೈಮರ್ತೆ. ಒಂದ್ ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ" ಎನ್ನುತ್ತಾರೆ ಹಜೀರಾ.

ಆ ಜನಸಾಗರವನ್ನು ಪಕ್ಕದ ಮಳಿಗೆಯಿಂದ ನೋಡಿದವರು ಯಲ್ದೂರಿನ ಚಿಕ್ಕಗಂಗಮ್ಮ. ಈ ವರ್ಷ ಗುತ್ತಿಗೆದಾರ ಬಂದಾಗ ಅವರು ತೋಟ ಕೊಡುವುದಿಲ್ಲ ಎಂದರು. "ಒಂದ್ ಫೋನ್‌ಗೆ ಅಷ್ಟ್ ಜನ ಬಂದ್ರಲ್ಲ ಸಾರ್. ಹಣ್ಣಿದ್ದಿದ್ರೆ ಹೆಂಗಿರ್ತಿತ್ತು ಅಂದ್ಕೊಂಡೆ. ಹಜೀರಮ್ಮ ಐತೆ, ಆಯಮ್ಮ ಜನಾನ ಕರ್ಕೊಂಡ್ ಬರ್ತದೆ ಅಂತ ಧೈರ್ಯ ಮಾಡ್ದೆ."

ಇಡೀ ತೋಟದ ಬೆಳೆ ಈಗ ಹಜೀರಾರ ಮಾತಿನ ಮೇಲೆ ನಿಂತಿದೆ. ಇಂದು ಮೇಳದ ಮೂರನೇ ದಿನ, ನಾಳೆ ಕಡೆಯದು. ಮಳಿಗೆಯ ಹಿಂದೆ ಕ್ರೇಟುಗಳು ಹಾಗೇ ಇವೆ. ಹಣ್ಣು ಕಳಿತ ವಾಸನೆ ಹುಳಿಗೆ ತಿರುಗುತ್ತಿದೆ. ನೋಡಿ ನನಗೇ ಸಂಕಟವಾಗುತ್ತದೆ, ಚಿಕ್ಕಗಂಗಮ್ಮನಿಗೆ ಹೇಗಾಗಿರಬೇಡ!

ಹಜೀರಾ ವಿಡಿಯೊದಲ್ಲಿ ಏನೂ ಮುಚ್ಚಿಡುವುದಿಲ್ಲ. "ಹಣ್ಣು ಮೆತ್ತಗಾಗೈತೆ. ಇವತ್ತೇ ತಿನ್ನೋರು ಮಾತ್ರ ಬನ್ನಿ." ಕೆಳಗೆ ಮೊದಲ ಉತ್ತರ ಬೀಳುತ್ತದೆ: 'ಮತ್ತೆ ಶುರು ಮಾಡಿದೆಯಾ, ಮೋಸಗಾತಿ?' ಹೋದ ವರ್ಷದ ಬೈಗುಳಗಳೂ ಪುಟದಲ್ಲಿ ಹಾಗೇ ಇವೆ.

ಅಳಿಸಬಾರದೇ ಎಂದು ಕೇಳುತ್ತೇನೆ. "ಅವ್ರು ದೂರದಿಂದ ಬಂದು ಬರಿಗೈಲಿ ಹೋದ್ರು ಸಾರ್. ಬೈಲಿ ಬಿಡಿ."

ಸಂಜೆಯ ತನಕ ಬಂದವರು ಬೆರಳೆಣಿಕೆಯಷ್ಟು. ಚಿಕ್ಕಗಂಗಮ್ಮ ಒಂದು ಕ್ರೇಟು ಹಣ್ಣನ್ನು ಎದುರಿನ ಹಸುಗಳಿಗೆ ಸುರಿದು ಬಂದು, "ನೀನ್ ಏನ್ ಮಾಡ್ತೀಯ ಬಿಡಮ್ಮ, ಊಟ ಮಾಡು" ಎನ್ನುತ್ತಾರೆ. ಹಜೀರಾ ಮುಖ ತಿರುಗಿಸಿ ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ನಾನು ಹೊರಡುವಾಗ ಹಿಂದೆಯೇ ಬರುತ್ತಾರೆ. "ಸಾರ್, ನನ್ ಫೋಟೊ ಬೇಡ. ಚಿಕ್ಕಗಂಗಮ್ಮನ ತೋಟದ್ದು ಹಾಕಿ. ಪೇಪರ್‌ನವ್ರು ಹೇಳಿದ್ರೆ ಜನ ನಂಬ್ತಾರೆ."

ಪುರವಣಿ ಬರುವುದು ಭಾನುವಾರ, ಅಷ್ಟರಲ್ಲಿ ಮೇಳ ಮುಗಿದಿರುತ್ತದೆ ಎಂಬುದು ನನಗೆ ಗೊತ್ತು. ಹೇಳಲೇಬೇಕಲ್ಲ, ಹೇಳುತ್ತೇನೆ.

ಹಜೀರಾ ಮಳಿಗೆಯ ಹಿಂದಿನ ಕ್ರೇಟುಗಳತ್ತ ಒಮ್ಮೆ ತಿರುಗಿ ನೋಡುತ್ತಾರೆ.

"ಆದ್ರೂ ಬರೀರಿ ಸಾರ್. ಈ ಸಲ ಹಣ್ಣಿತ್ತು ಅಂತ ಬರೀರಿ."