ಅಪ್ಪನ ನೆನಪು ಮತ್ತು ಆ ಸಣ್ಣ ಮಾತ್ರೆ

ನಮ್ಮಪ್ಪ ಬೂದಿಯ ಮರಿಯನ್ನು ಕೆಂದಿಗೆ ಬಿಟ್ಟ. ಕೆಂದಿ ಅದನ್ನು ಗುದ್ದಿ ಬೀಳಿಸಿತು.

ಬೂದಿ, ಕೆಂದಿ ಎರಡೂ ನಮ್ಮ ಕುರಿಗಳು. ಇಷ್ಟೇ ಸುದ್ದಿ. ಇದಕ್ಕೂ ಒಂದು ಅಂಕಣವಾ ಅಂತ ಮೂಗು ಮುರಿಯಬೇಡಿ. ಕುರಿ ಸಾಕಿದವರು ಯಾರಾದರೂ ಪಕ್ಕದಲ್ಲಿದ್ದರೆ ಓದಿ ಹೇಳಿ. ಅವರ ಎದೆ ಧಸಕ್ಕೆನ್ನದಿದ್ದರೆ ಕೇಳಿ.

ಸಂಜೆ ಕುರಿ ಮೇದು ಬಂದ ಮೇಲೆ, ಹಗಲೆಲ್ಲ ಹಟ್ಟಿಯಲ್ಲೇ ಉಳಿದ ಮರಿಗಳನ್ನು ಅದರದರ ತಾಯಿಗೆ ಹಾಲು ಕುಡಿಯಲು ಬಿಡಬೇಕು. ಬೇರೆಯದರ ಮರಿ ಬಂದರೆ ಕುರಿ ಗುದ್ದಿ ಓಡಿಸುತ್ತದೆ. ನನ್ನ ಕಣ್ಣಿಗೆ ಎಲ್ಲ ಮರಿಗಳೂ ಒಂದೇ. ಅಪ್ಪ ಮಾತ್ರ ಮುಖ ನೋಡಿದ ತಕ್ಷಣ ಇದು ಇಂಥದ್ದರ ಮರಿ, ಇದರ ಅಜ್ಜಿಗೆ ಒಂದು ಕಿವಿ ಮೋಟು ಅಂತ ವಂಶಾವಳಿ ಒಪ್ಪಿಸುತ್ತಿದ್ದ. ನಾನು ಕಂಡಂತೆ ಆ ಕೆಲಸದಲ್ಲಿ ಅವನು ಒಂದು ದಿನವೂ ತಪ್ಪಿರಲಿಲ್ಲ. (ಅಪ್ಪನಿಗೆ ಏಕವಚನವಾ ಅನ್ನಬೇಡಿ. ಬಹುವಚನದಲ್ಲಿ ಮಾತಾಡಿಸಿದರೆ ಅವನು ಹಿಂದೆ ಯಾರು ನಿಂತಿದ್ದಾರೆ ಅಂತ ತಿರುಗಿ ನೋಡುತ್ತಾನೆ.)

ನಾನು ದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಎಂಬುದು ನಿಮಗೆ ಗೊತ್ತೇ ಇದೆ. ರಜೆ ಸಿಕ್ಕಾಗ ಬಸ್ಸು ಹತ್ತಿ ಯಲ್ಲದಕೆರೆ ಹತ್ತಿರದ ನಮ್ಮ ಹಟ್ಟಿಗೆ ಹೋಗುತ್ತೇನೆ. ಆ ಭಾನುವಾರ ಹೋದಾಗ ಕಂಡದ್ದು ಈ ಗುದ್ದಾಟ. ಅಪ್ಪ ಮರಿಯನ್ನು ಎತ್ತಿಕೊಂಡು ಸುಮ್ಮನೆ ನಿಂತಿದ್ದ. ಇದನ್ನು ಯಾವ ಕುರಿಗೆ ಬಿಡಲಿ ಅಂತ ಅವನಿಗೆ ಗೊತ್ತಾಗಲಿಲ್ಲ. ನನಗಂತೂ ಅಳು ಬಂತು.

‘ಇದೇನು ಹೊಸದಲ್ಲಕ್ಕ’ ಎಂದ ತಮ್ಮ. ‘ಮೊನ್ನೆ ಕಂಬಳಿ ಹೊದ್ಕಂಡೇ ಕಂಬಳಿ ಹುಡುಕ್ತಿದ್ದ. ವಯಸ್ಸಾಯ್ತು ಬಿಡು.’

ಅವ್ವ ಒಪ್ಪಲಿಲ್ಲ. ‘ವಯಸ್ಸಲ್ಲ ಕಣೇ. ಆ ಟೀಬಿ ಮಾತ್ರೆ ಇವರ ತಲೆ ತಿಂತಾ ಐತೆ. ಅದು ಬಂದ್ಮೇಲೇ ಹಿಂಗಾಗಿದ್ದು. ಬಿಡ್ಸಿಬಿಡು.’

ಹೌದು, ಟೀಬಿ. ಹಿಂದಿನ ವರ್ಷ ಅಪ್ಪ ಕೆಮ್ಮಿದಾಗ ರಕ್ತ ಬಂದಿತ್ತು. ನಾವು ಊರಿಗೆಲ್ಲ ‘ಹಳೇ ಕೆಮ್ಮು’ ಅಂತ ಹೇಳಿದೆವು. ಆದರೂ ಊರಿನವರು ನಮ್ಮ ಮನೆ ಲೋಟ ಮುಟ್ಟಲಿಲ್ಲ! ಇಂಜೆಕ್ಷನ್ ಮುಗಿದು, ಈಗ ಮಾತ್ರೆ ನಡೆಯುತ್ತಿತ್ತು. ಕೆಮ್ಮು ನಿಂತಿತ್ತು. ಮೈ ಕೈಯಲ್ಲಿ ಒಂದಿಷ್ಟು ಮಾಂಸವೂ ಬಂದಿತ್ತು. ಮಧ್ಯೆ ಬಿಟ್ಟರೆ ಕಾಯಿಲೆ ಮತ್ತೆ ತಿರುಗಿಬೀಳುತ್ತದೆ, ಆಗ ಈ ಮಾತ್ರೆಗೂ ಬಗ್ಗುವುದಿಲ್ಲ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಮಾತ್ರೆ ಬಿಟ್ಟರೆ ಅಪ್ಪನ ಉಸಿರು ಹೋಗುತ್ತದೆ. ನುಂಗಿದರೆ ಅಪ್ಪನ ತಲೆ ಹೋಗುತ್ತದೆ. ಯಾವುದನ್ನು ಆರಿಸುತ್ತೀರಿ?

ನಾನು ಜಾಣೆ. ಎರಡನ್ನೂ ಆರಿಸದೆ ತಮ್ಮನ ಪಕ್ಷ ಸೇರಿದೆ. ವಯಸ್ಸಾಯ್ತು ಎನ್ನುವುದು ಎಷ್ಟು ಅನುಕೂಲದ ಮಾತು ನೋಡಿ! ಅದನ್ನು ಅಂದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ. ನಿಟ್ಟುಸಿರು ಬಿಟ್ಟು ಊಟಕ್ಕೆ ಕೂರಬಹುದು.

ಅವ್ವ ಬಿಡಬೇಕಲ್ಲ. ‘ಓದಿದೋಳು ನೀನೂ ಹಿಂಗಂದ್ರೆ ಹೆಂಗೆ? ನಾಳೆಯಿಂದ ಆ ಮಾತ್ರೆ ತಿಪ್ಪೆಗೆ ಹಾಕ್ತೀನಿ’ ಎಂದು ಎದ್ದೇಬಿಟ್ಟಳು. ಹೆದರಿ, ಮಾರನೇ ದಿನವೇ ಅಪ್ಪನನ್ನು ಮೊದಲ ಬಸ್ಸಿಗೆ ಹತ್ತಿಸಿಕೊಂಡು ದುರ್ಗದ ಆಸ್ಪತ್ರೆಗೆ ಬಂದೆ.

ಡಾಕ್ಟರು ‘ಬರ್ರಿ, ಕುಂತ್ಕಳ್ರಿ’ ಎಂದರು. ಆಮೇಲೆ ವಯಸ್ಸೆಷ್ಟು ಎಂದರು. ಅಪ್ಪ ನನ್ನ ಮುಖ ನೋಡಿದ. ನಾನು ‘ಎಪ್ಪತ್ತಿರಬೇಕು’ ಎಂದೆ.

‘ನಿಮಗೆಷ್ಟಮ್ಮ?’

‘ಮೂವತ್ತನಾಲ್ಕು.’

‘ಇವರಿಗೆ ನೀವು ಎಷ್ಟನೇ ಮಗು?’

ಮೊದಲನೆಯವಳು. ಮದುವೆಯಲ್ಲಿ ಅಪ್ಪನಿಗೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲವಂತೆ. ಡಾಕ್ಟರು ಬೆರಳು ಮಡಚಿ ಲೆಕ್ಕ ಹಾಕಿ, ‘ಐವತ್ತೈದು ದಾಟಿದ್ರೆ ಹೆಚ್ಚು’ ಎಂದರು. ಒಂದೇ ನಿಮಿಷದಲ್ಲಿ ಅಪ್ಪನಿಗೆ ಹದಿನೈದು ವರ್ಷ ಕಡಿಮೆಯಾಯಿತು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನಿಸಿತು.

‘ಕಾಲು ಉರಿತಾವೇನ್ರಿ?’ ಎಂದರು ಡಾಕ್ಟರು.

‘ಉರಿತಾವೆ ಸಾಮಿ. ಕೆಂಡ ತುಳಿದಂಗೆ. ಜುಮು ಜುಮು ಅಂತಾವೆ.’

ಅಯ್ಯೋ! ಇದನ್ನು ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ. (ನಾವು ಕೇಳಿಯೂ ಇರಲಿಲ್ಲ ಅನ್ನಿ.)

ಡಾಕ್ಟರು ನನಗೆ ಬಿಡಿಸಿ ಹೇಳಿದರು. ಟೀಬಿ ಹುಳವನ್ನು ಕೊಲ್ಲುವ ಆ ದೊಡ್ಡ ಮಾತ್ರೆ ಮೈಯಲ್ಲಿರುವ ಒಂದು ವಿಟಮಿನ್ನನ್ನೂ ಖಾಲಿ ಮಾಡುತ್ತದೆ. ನರಕ್ಕೆ, ಮಿದುಳಿಗೆ ಆ ವಿಟಮಿನ್ ಬೇಕೇ ಬೇಕು. ಇಲ್ಲದಿದ್ದರೆ ಕಾಲು ಉರಿಯುತ್ತದೆ, ಕೆಲವರಿಗೆ ಮರೆವು, ಗಲಿಬಿಲಿ ಕೂಡ ಹತ್ತಿಕೊಳ್ಳುತ್ತದೆ. ಅದಕ್ಕೇ ದೊಡ್ಡದರ ಜೊತೆ ದಿನಾ ಒಂದು ಸಣ್ಣ ಮಾತ್ರೆ ಕೊಟ್ಟಿರುತ್ತೇವೆ ಎಂದರು.

ಹಾಗಾದರೆ ಅವ್ವ ಹೇಳಿದ್ದು ಅರ್ಧ ನಿಜ! ಓದಿದ ನಾನು ಪೂರಾ ಸುಳ್ಳು.

‘ಸಣ್ಣ ಮಾತ್ರೆ ತಗಳ್ತಿದೀರೇನ್ರಿ?’

ಅಪ್ಪ ಕಂಬಳಿ ಅಂಚು ತಿರುವತೊಡಗಿದ. ಆಮೇಲೆ ಮೆಲ್ಲಗೆ, ‘ಮರಿಗೆ ಹಾಕ್ತಿದ್ದೆ ಸಾಮಿ’ ಎಂದ.

‘ಯಾವ ಮರಿಗೆ?’

‘ಒಂದು ತಬ್ಬಲಿ ಮರಿ ಸಾಮಿ. ಹುಟ್ಟಿದ ವಾರಕ್ಕೇ ತಾಯಿ ಸತ್ತೋಯ್ತು. ನಿಲ್ಲಾಕೇ ತ್ರಾಣ ಇರ್ಲಿಲ್ಲ. ದೊಡ್ಡದು ಕಾಯ್ಲೆಗೆ, ಸಣ್ಣದು ಶಕ್ತಿಗೆ ಅಂದಿದ್ರಲ್ಲ ನಿಮ್ಮೋರು? ಅದುಕ್ಕೇ ಬೆಲ್ಲದಾಗೆ ಅರೆದು ನೆಕ್ಕಿಸ್ತಿದ್ದೆ.’

ಮಾತ್ರೆ ಕಟ್ಟುತ್ತಿದ್ದ ಕಾಂಪೌಂಡರು ಆಚೆ ತಿರುಗಿ ಕೆಮ್ಮಿದರು. ಅದು ಟೀಬಿ ಕೆಮ್ಮಲ್ಲ, ನಗು. ಡಾಕ್ಟರು ಮಾತ್ರ ಗಂಭೀರವಾಗಿಯೇ, ‘ಮರಿ ಹೆಂಗೈತೆ ಈಗ?’ ಎಂದು ಕೇಳಿದರು.

‘ಬೋ ಚೆನ್ನಾಗೈತೆ ಸಾಮಿ! ನನ್ನೇ ಗುದ್ದಾಕೆ ಬತ್ತದೆ!’

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಅಪ್ಪನ ತಲೆ ವಯಸ್ಸಿನಿಂದ ಕೆಟ್ಟಿರಲಿಲ್ಲ ಎನ್ನುವುದಷ್ಟೇ ಆಗ ಕಿವಿಯಲ್ಲಿ ಮೊಳಗುತ್ತಿತ್ತು. ಎರಡು ಮಾತ್ರೆಯನ್ನೂ ಬಿಡದೆ ನುಂಗಲಿ, ಸರಿಹೋಗುವ ಸಂಭವವಿದೆ, ನೋಡೋಣ ಎಂದರು ಡಾಕ್ಟರು. ಅಂದಿನಿಂದ ಮಾತ್ರೆ ಅವ್ವನ ಸುಪರ್ದಿಗೆ ಹೋಯಿತು. ಅವಳು ಅಪ್ಪ ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುತ್ತಾಳೆ. ಯಾವ ಪೊಲೀಸಿನವನೂ ಅಷ್ಟು ಹುಡುಕಲಾರ.

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ನನಗೆ ಮತ್ತೆ ಹೆದರಿಕೆ ಹತ್ತಿತು. ಎಕ್ಸ್‌ಚೇಂಜಿನಲ್ಲಿ ಹಿರಿಯೂರಿಗೆ ಕೇಳಿದ ಟ್ರಂಕ್ ಕಾಲನ್ನು ಹೊಸದುರ್ಗಕ್ಕೆ ಜೋಡಿಸಿ ಬೈಸಿಕೊಂಡೆ. ಆಮೇಲೆ ಕಾಲುರಿ ಇಳಿಯಿತು ಅಂತ ತಮ್ಮ ಕಾರ್ಡು ಬರೆದ. ಎರಡು ತಿಂಗಳಿಗೆ ನಾನೇ ಹೋದೆ.

ಸಂಜೆ ಕುರಿ ಬಂದವು. ಅಪ್ಪ ಮರಿಗಳ ನಡುವೆ ನಿಂತ. ಒಂದನ್ನು ಎತ್ತಿದ, ಮುಖ ನೋಡಿದ, ಬಿಟ್ಟ. ಇನ್ನೊಂದು. ಮತ್ತೊಂದು. ಒಂದು ಕುರಿಯೂ ಗುದ್ದಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಹೊಗೆ ಕಣೇ’ ಎಂದಳು. ಒಲೆ ಇನ್ನೂ ಹಚ್ಚಿರಲಿಲ್ಲ. ಅಬ್ಬಾ, ಅವತ್ತು ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ನೋಡಿ!

ಅಷ್ಟು ಹಗುರವಾದ ಮೇಲೆ ನನಗೆ ಜಗಳ ಮಾಡುವ ಧೈರ್ಯ ಬಂತು.

‘ಅಲ್ಲಪ್ಪಾ, ನಿನಗೇ ತ್ರಾಣ ಇರ್ಲಿಲ್ಲ. ನಿನ್ನ ಮಾತ್ರೇನ ಅದುಕ್ಯಾಕೆ ಹಾಕಿದೆ?’

ಅಪ್ಪ ಕಂಬಳಿ ಕೊಡವಿದ. ಇದೆಂಥ ಪ್ರಶ್ನೆ ಎನ್ನುವಂತೆ ನನ್ನನ್ನು ನೋಡಿದ.

‘ಅದುಕ್ಕೆ ಯಾರವ್ರೆ ಹೇಳವ್ವ? ನನಗಾದ್ರೆ ನೀವೆಲ್ಲ ಇದ್ರಲ್ಲ.’

ಇದ್ದೆವಾ?