ಹಸಿ ತೊಗರಿಯ ಟಾಕಿ ಮತ್ತು ಅಂಬಾರಾಯರು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗಿರಣಿಗಳಲ್ಲಿ ಟಾಕಿಯೊಳಗಿನ, ಅಂದರೆ ದೊಡ್ಡ ತೊಟ್ಟಿಯೊಳಗಿನ, ಕಾಳಿನ ಮಟ್ಟ ತಿಳಿಸುವ ಕೆಪಾಸಿಟೆನ್ಸ್ ಸ್ವಿಚ್ಚನ್ನು ನಂಬುವಂತೆ ಮಾಡಿದವರು ಯಾರೆಂದು ಕೇಳಿದರೆ, ನರೋಣಾದ ಶ್ರೀ ಅಂಬಾರಾಯರ ಹೆಸರನ್ನೇ ಮೊದಲು ಹೇಳಬೇಕು. ಅಫಜಲಪುರದ ಎಣ್ಣೆ ಗಿರಣಿಯಲ್ಲಿ ಕೆಲಸ ಆರಂಭಿಸಿ, ಜೇವರ್ಗಿಯ ಹಿಟ್ಟಿನ ಗಿರಣಿಯಲ್ಲಿ ಪಳಗಿ, ಆಳಂದದ ನಮ್ಮ ದಾಲ್ ಮಿಲ್ಲಿಗೆ ಬಂದು ನೆಲೆಸಿದ ಅವರು ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ನಾನು ಎಂಜಿನಿಯರಿಂಗ್ ಮುಗಿಸಿ ಅವರ ಕೈಕೆಳಗೆ ಸೇರಿದ್ದು ಒಂಬತ್ತು ವರ್ಷಗಳ ಹಿಂದೆ. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಸ್ವಭಾವ ನನ್ನದು. ಇತರರು ನಕ್ಕರೂ, ಈ ಕೆಲಸಕ್ಕೆ ಅಂಥವರೇ ಬೇಕೆಂದ ಅಂಬಾರಾಯರು ಮೊದಲ ವಾರವೇ ಒಂದು ಟಾಕಿಯ ಸ್ವಿಚ್ಚನ್ನು ನನಗೊಪ್ಪಿಸಿದರು. ಟಾಕಿಯ ಮೇಲಿನಿಂದ ಇಳಿಬಿಟ್ಟ ಉದ್ದನೆಯ ಸರಳನ್ನು ಕಾಳು ಮುಚ್ಚುತ್ತ ಬಂದಂತೆ ಸರಳಿಗೂ ಟಾಕಿಯ ಗೋಡೆಗೂ ನಡುವಿನ ವಿದ್ಯುತ್ ಧಾರಣಶಕ್ತಿ, ಅಂದರೆ ಕೆಪಾಸಿಟೆನ್ಸ್, ಹೆಚ್ಚುತ್ತದೆ; ಗೊತ್ತುಮಾಡಿದ ಮಿತಿ ಮುಟ್ಟಿದಾಗ ಕೆಂಪು ದೀಪ ಹತ್ತಿ, ಕಾಳು ಏರಿಸುವ ಎಲಿವೇಟರ್ ನಿಲ್ಲುತ್ತದೆ. ಆ ಮಿತಿಯನ್ನು ನಾನು ಒಣ ತೊಗರಿ ತುಂಬಿ, ಏಳು ಸಲ ಪರೀಕ್ಷಿಸಿ ಗೊತ್ತುಮಾಡಿದೆ. ಆದರೆ ಅದು ಎಣ್ಣೆ ಸವರಿ ನೀರುಣಿಸಿದ ತೊಗರಿಯನ್ನು ಹದಕ್ಕೆ ಬಿಡುವ ಟಾಕಿ. ನೀರು ಕುಡಿದ ಹಸಿ ಕಾಳಿಗೆ ಧಾರಣಶಕ್ತಿ ಹೆಚ್ಚು; ಅದು ಸರಳಿನ ತುದಿ ಮುಚ್ಚುವಷ್ಟರಲ್ಲೇ ದೀಪ ಹತ್ತತೊಡಗಿತು.

ಎಲಿವೇಟರ್ ಪದೇಪದೇ ನಿಂತಾಗ ದೂರು ಹೋದದ್ದು ಅದನ್ನು ನಡೆಸುವ ಸುಂದರಬಾಯಿಯವರ ಮೇಲೆ. ಕೂತು ಹೊತ್ತು ಕಳೆಯಲು ಆಕೆಯೇ ಯಂತ್ರ ನಿಲ್ಲಿಸುತ್ತಾರೆಂದು ತಿಳಿದ ಮಾಲೀಕ ನಂದಕಿಶೋರರು, ನಾಳೆಯಿಂದ ಬರಬೇಡವೆಂದರು. ಸುಂದರಬಾಯಿ ನನ್ನ ಕಡೆ ತಿರುಗಿ, "ಟಾಕಿ ತುಂಬ್ಯದಂತ ನಿಮ್ಮ ದೀಪ ಹೇಳ್ತದ್ರಿ ಬಾಯಾರ. ಒಳಗ ನಮ್ಮ ಮನಿ ಮಂದಿಯೆಲ್ಲ ಕುಂತು ಉಣ್ಣೋವಷ್ಟು ಜಾಗ ಅದ," ಎಂದರು.

ಅಂಬಾರಾಯರು ನನ್ನನ್ನು ಪಕ್ಕಕ್ಕೆ ಕರೆದು, ಆ ಟಾಕಿಯ ಒಂದು ಹಿಡಿ ಕಾಳನ್ನು ನನ್ನ ಅಂಗೈಗೆ ಸುರಿದರು. ತಣ್ಣಗೆ, ಅಂಟಂಟಾಗಿತ್ತು. ತಪ್ಪು ನನ್ನದೆಂದು ತಿಳಿಯಿತು. ಕೆಲಸ ಹೋಗುವ ಭಯ ಹಿಡಿಯಿತು. ನನ್ನ ಪರವಾಗಿ ಅವರೇ ಹೋಗಿ ಹೇಳಲಿ ಎಂದು ಒಳಗೊಳಗೇ ಬಯಸಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

"ನಾ ಹೇಳಿದ್ರ ಆಕಿ ಕೆಲಸ ಉಳೀತದ, ತಂಗಿ. ನೀನೇ ಹೇಳಿದ್ರ ನಿಂದೂ ಉಳೀತದ. ನಡಿ, ನಾ ಬಾಜೂಕ ನಿಲ್ತೀನಿ," ಎಂದರು.

ನಾನು ಮಾಲೀಕರ ಮುಂದೆ ಎಲ್ಲ ಹೇಳಿ ಮುಗಿಸುವವರೆಗೆ ಹಾಗೆಯೇ ನಿಂತಿದ್ದರು. ನಂದಕಿಶೋರರು ಸುಂದರಬಾಯಿಯವರನ್ನು ಕರೆಸಿ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಸ್ವಿಚ್ಚನ್ನು ಈಗಲೇ ಸರಿಪಡಿಸೆಂದು ನನ್ನನ್ನು ಕಳಿಸಿದರು.

ಅಂದಿನಿಂದ ನಮ್ಮಲ್ಲೊಂದು ರೂಢಿ. ಹೊಸ ತೊಗರಿಗೆ ನೀರುಣಿಸಿದಾಗ ಮೊದಲು ಸುಂದರಬಾಯಿ ಕಾಳು ಹಿಡಿದು ಹದ ಹೇಳಬೇಕು. ಸ್ವಿಚ್ಚಿನ ಮಿತಿ ಹೊಂದಿಸುವ ತಿರುಪು ಮುಟ್ಟುವುದು ಆಮೇಲೆ. ಕಳೆದ ವಾರ ಈ ಹಂಗಾಮಿನ ಮಿತಿ ಗೊತ್ತುಮಾಡಿ, ಎಂದಿನ ಅಳುಕಿನಿಂದ ಅಂಬಾರಾಯರಿಗೆ ತೋರಿಸಲು ಹೋದೆ.

"ನನಗ್ಯಾಕ ತೋರಸ್ತಿ? ಸುಂದರಬಾಯಿ ಹೂಂ ಅಂದಾಳೋ ಇಲ್ಲೋ?" ಎಂದರು.

ಹೂಂ ಎಂದಿದ್ದರು.

ಅಂಬಾರಾಯರು ಇನ್ನೂ ಅನೇಕ ಹಂಗಾಮುಗಳನ್ನು ಆರೋಗ್ಯದಿಂದ ಕಾಣಲಿ. ಮೂರೂ ತಾಲ್ಲೂಕುಗಳ ಗಿರಣಿಗಳು ಸಲಹೆಗಾಗಿ ಅವರ ಮನೆ ಬಾಗಿಲಿಗೆ ಬರುತ್ತಲೇ ಇರಲಿ. ಈ ಸಲ ಸ್ವಿಚ್ಚನ್ನು ನಾನು ಎರಡೇ ಬಾರಿ ಪರೀಕ್ಷಿಸಿದ್ದೇನೆಂದು ಈ ಮೂಲಕ ಅವರಿಗೆ ಅರಿಕೆ ಮಾಡಿಕೊಳ್ಳುತ್ತೇನೆ.